‘ವೈರ್‌’ಗೆ ಒಂದು ಸಾಲು ಸಾಲದು

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಪಂಕ್ ಸಂಗೀತದ (ಎಪ್ಪತ್ತರ ದಶಕದ ಬಿರುಸಿನ, ಸಿಟ್ಟಿನ ರಾಕ್) ಬಗ್ಗೆ ಬಂದ ಲೇಖನ ಓದಿದೆ. ಇಂಥ ವಿಷಯಕ್ಕೆ ಪೂರ್ತಿ ಪುಟ ಕೊಟ್ಟಿದ್ದೀರಿ, ಅದಕ್ಕೆ ಮೊದಲು ಥ್ಯಾಂಕ್ಸ್. ಸೆಕ್ಸ್ ಪಿಸ್ಟಲ್ಸ್, ಕ್ಲ್ಯಾಶ್, ರಮೋನ್ಸ್ ಎಲ್ಲ ಬ್ಯಾಂಡುಗಳಿಗೂ ಜಾಗ ಸಿಕ್ಕಿದೆ. ಆದರೆ ಲಂಡನ್ನಿನ ‘ವೈರ್’ ಬ್ಯಾಂಡಿಗೆ ಸಿಕ್ಕಿದ್ದು ಒಂದೇ ಸಾಲು. ಅದೂ ಎಂಥ ಸಾಲು! ವಾದ್ಯ ನುಡಿಸಲು ಬಾರದ ಆರ್ಟ್ ಕಾಲೇಜಿನ ಹುಡುಗರು ಪಿಸ್ಟಲ್ಸ್ ಹಾದಿ ಹಿಡಿದು ಗಲಾಟೆ ಎಬ್ಬಿಸಿದರು, ಅದಕ್ಕೇ ಆರ್ಟ್ ಪಂಕ್ ಅನ್ನುತ್ತಾರೆ ಅಂತ. ಈ ಸಾಲಿನ ಮೇಲೆ ನನಗೆ ತಕರಾರಿದೆ.

ನಾನು ವಿಮರ್ಶಕನಲ್ಲ. ಆರ್ಕೆಸ್ಟ್ರಾಗಳಲ್ಲಿ ಡ್ರಮ್ಸ್ ಬಾರಿಸಿಕೊಂಡು ಬಂದವನು. ಈಗ ಮಕ್ಕಳಿಗೆ ಪಾಠ ಹೇಳುತ್ತೇನೆ. ಯಾವ ಹಾಡು ಹಾಕಿದರೂ ನನ್ನ ಕಿವಿ ಮೊದಲು ಸ್ನೇರ್ ಡ್ರಮ್ ಕಡೆ ಹೋಗುತ್ತದೆ, ಆಮೇಲೆ ಬಾಸ್ ಗಿಟಾರ್ ಕಡೆ. ಸಾಹಿತ್ಯದ ಸರದಿ ಬರುವುದು ಕೊನೆಗೆ. ವೈರ್ ಬಗ್ಗೆ ಬರೆಯುವವರು ಹೆಚ್ಚಿನವರು ಸಾಹಿತ್ಯದಿಂದ ಶುರು ಮಾಡುತ್ತಾರೆ. ನಾನು ತಿರುವುಮುರುವಾಗಿ ಹೋಗುತ್ತೇನೆ, ಸಹಿಸಿಕೊಳ್ಳಿ.

ಮೊದಲು ‘ಹುಡುಗರು’ ಅನ್ನುವ ಮಾತು. 1976ರಲ್ಲಿ ಈ ಬ್ಯಾಂಡ್ ಹುಟ್ಟಿದಾಗ ಗಿಟಾರಿಸ್ಟ್ ಬ್ರೂಸ್ ಗಿಲ್ಬರ್ಟ್‌ಗೆ ಮೂವತ್ತು ತುಂಬಿತ್ತು. ಅವರು ವಾಟ್‌ಫರ್ಡ್ ಆರ್ಟ್ ಕಾಲೇಜಿನಲ್ಲಿ ವಿದ್ಯಾರ್ಥಿಯಾಗಿರಲಿಲ್ಲ. ಅಲ್ಲಿನ ಆಡಿಯೋ-ವಿಷುವಲ್ ವಿಭಾಗದಲ್ಲಿ ಟೆಕ್ನಿಷಿಯನ್. ಪೇಂಟಿಂಗ್ ಮಾಡುತ್ತಿದ್ದ ಮನುಷ್ಯ. ಅದೇ ಕಾಲೇಜಿನಲ್ಲಿ ಓದುತ್ತಿದ್ದವನು ಕಾಲಿನ್ ನ್ಯೂಮನ್, ಮುಂದೆ ಇವರ ಮುಖ್ಯ ಗಾಯಕ. ಬಾಸ್ ನುಡಿಸಿದ ಗ್ರಹಾಂ ಲೂಯಿಸ್ ಫ್ಯಾಷನ್ ಓದಿದವನು. ಡ್ರಮ್ಸ್‌ಗೆ ರಾಬರ್ಟ್ ಗೊಟೊಬೆಡ್ ಅನ್ನುವವರು. ಇವರು ಹಿಂದೆ ಒಂದು ಬ್ಯಾಂಡಿನಲ್ಲಿ ಹಾಡುತ್ತಿದ್ದರು, ಡ್ರಮ್ಸ್ ಹಿಡಿದದ್ದು ಆಮೇಲೆ. ಹಾಗಾಗಿ ‘ನುಡಿಸಲು ಬಾರದವರು’ ಅನ್ನುವುದು ಶುರುವಿನ ಕೆಲವು ತಿಂಗಳ ಮಟ್ಟಿಗೆ ಪೂರ್ತಿ ಸುಳ್ಳಲ್ಲ. ಆದರೆ ಅವರು ಮಾಡಿದ ಸಂಗೀತಕ್ಕೆ ಅದು ಕಾರಣ ಅನ್ನುವುದು ಮಾತ್ರ ಸುಳ್ಳು.

ಅದಕ್ಕೆ ಒಂದು ಸಾಕ್ಷಿ ಇದೆ. ಶುರುವಿನಲ್ಲಿ ಬ್ಯಾಂಡಿನಲ್ಲಿ ಐದು ಜನ ಇದ್ದರು. ಐದನೆಯವನು ಜಾರ್ಜ್ ಗಿಲ್, ಲೀಡ್ ಗಿಟಾರಿಸ್ಟ್. ಹಾಡು ಬರೆಯುತ್ತಿದ್ದವನೂ ಹೆಚ್ಚಾಗಿ ಅವನೇ. ಉಳಿದವರಿಗಿಂತ ಚೆನ್ನಾಗಿ ನುಡಿಸಬಲ್ಲವನು, ಸೋಲೋ, ಅಂದರೆ ನಡುವೆ ಒಬ್ಬನೇ ಮೆರೆಯುವ ಗಿಟಾರ್ ತುಣುಕು, ಬಾರಿಸುವವನು. ಅವನ ಕಾಲು ಮುರಿಯಿತು. ಅವನು ಇಲ್ಲದೆ ಉಳಿದ ನಾಲ್ಕು ಜನ ಪ್ರಾಕ್ಟೀಸ್‌ಗೆ ಕೂತರು. ಸೋಲೋ ಇಲ್ಲದೆ ಅವೇ ಹಾಡುಗಳು ಬಿಗಿಯಾಗಿ, ಚಿಕ್ಕದಾಗಿ, ಬೇರೆಯದೇ ರೀತಿಯಲ್ಲಿ ಕೇಳಿಸತೊಡಗಿದವು. ಆಮೇಲೆ ಗಿಲ್ ಬ್ಯಾಂಡಿನಲ್ಲಿ ಉಳಿಯಲಿಲ್ಲ. ನೋಡಿ, ಚೆನ್ನಾಗಿ ನುಡಿಸುವವನನ್ನೇ ಬಿಟ್ಟರು. ವಾದ್ಯ ಬಾರದವರು ಸಾಮಾನ್ಯವಾಗಿ ಇದರ ಉಲ್ಟಾ ಮಾಡುತ್ತಾರೆ. ಬರುವವನನ್ನು ಹುಡುಕಿ ಕರೆತರುತ್ತಾರೆ, ಅವನ ಬೆನ್ನ ಹಿಂದೆ ಅಡಗುತ್ತಾರೆ.

ಅಲ್ಲಿಂದ ಮುಂದೆ ಅವರು ತಮಗೆ ತಾವೇ ಕೆಲವು ಬೇಲಿ ಹಾಕಿಕೊಂಡರು. ಗ್ರಹಾಂ ಲೂಯಿಸ್ ಇದನ್ನು ಮುಂದೆ ಸಂದರ್ಶನಗಳಲ್ಲಿ ಹೇಳಿದ್ದಾರೆ. ಸೋಲೋ ಬೇಡ. ಅಲಂಕಾರ ಬೇಡ. ಕೊನೆಯಲ್ಲಿ ಪಲ್ಲವಿಯನ್ನೇ ಮತ್ತೆ ಮತ್ತೆ ಎಳೆಯುವುದು ಬೇಡ. ಅಮೆರಿಕನ್ನರ ಹಾಗೆ ನಟಿಸುವುದು ಬೇಡ. ಸಾಹಿತ್ಯ ಮುಗಿದ ಕಡೆ ಹಾಡೂ ನಿಲ್ಲಬೇಕು.

ಈ ಕೊನೆಯದು ಕೇಳಲು ಸಣ್ಣ ಮಾತು. ಆದರೆ ಸ್ಟೇಜ್ ಮೇಲೆ ನಿಂತವರಿಗೆ ಇದು ಎಷ್ಟು ಕಷ್ಟ ಅಂತ ಗೊತ್ತು. ಪದ ಮುಗಿದ ಮೇಲೂ ಕೈ ನಿಲ್ಲುವುದಿಲ್ಲ. ಇನ್ನೊಂದು ಸುತ್ತು, ಒಂದು ರೋಲ್, ಕೊನೆಗೆ ಸಿಂಬಲ್ (ಡ್ರಮ್ಸ್ ಜೊತೆಗಿನ ಲೋಹದ ತಟ್ಟೆ) ಮೇಲೆ ಒಂದು ಏಟು ಹಾಕಿದರೇನೇ ಸಮಾಧಾನ. ಜನ ಚಪ್ಪಾಳೆ ಹೊಡೆಯುವುದೂ ಆ ಏಟಿಗೇ. ವೈರ್ ಅದನ್ನು ಕೊಡುವುದಿಲ್ಲ. 1977ರ ಕೊನೆಯಲ್ಲಿ ಬಂದ ಅವರ ಮೊದಲ ಆಲ್ಬಂ ‘ಪಿಂಕ್ ಫ್ಲ್ಯಾಗ್’ನಲ್ಲಿ 21 ಹಾಡುಗಳಿವೆ. ಎಲ್ಲ ಸೇರಿ ಸುಮಾರು 35 ನಿಮಿಷ. ಐದಾರು ಹಾಡುಗಳು ಒಂದು ನಿಮಿಷವನ್ನೂ ಮುಟ್ಟುವುದಿಲ್ಲ. ‘ಫೀಲ್ಡ್ ಡೇ ಫಾರ್ ದ ಸಂಡೇಸ್’ 28 ಸೆಕೆಂಡಿಗೆ ಮುಗಿಯುತ್ತದೆ. ಆ ಹಾಡು ಯಾವುದರ ಬಗ್ಗೆ ಗೊತ್ತಾ? ಯಾರದೋ ಖಾಸಗಿ ಬದುಕನ್ನು ಮುಖಪುಟಕ್ಕೆ ಎಳೆದು ತರುವ ಇಂಗ್ಲೆಂಡಿನ ಭಾನುವಾರದ ಪತ್ರಿಕೆಗಳ ಬಗ್ಗೆ. ನಿಮ್ಮ ಭಾನುವಾರದ ಪುರವಣಿಗೆ ಇದನ್ನು ಬರೆಯುವಾಗ ನನಗೆ ಸ್ವಲ್ಪ ನಗು ಬರುತ್ತಿದೆ, ತಪ್ಪು ತಿಳಿಯಬೇಡಿ.

ಆಲ್ಬಂ ಶುರುವಾಗುವ ಹಾಡಿಗೂ ಪತ್ರಿಕೆಯ ನಂಟಿದೆ. ಹೆಸರು ‘ರಾಯಿಟರ್ಸ್’. ಕುಸಿದು ಬೀಳುತ್ತಿರುವ ಯಾವುದೋ ಊರಿನಿಂದ ವರದಿಗಾರನೊಬ್ಬ ಸುದ್ದಿ ಕಳಿಸುತ್ತಿದ್ದಾನೆ. ನಿಧಾನವಾದ, ಭಾರವಾದ ಹಾಡು. ಪಂಕ್ ಅಂದರೆ ಬರೀ ಸ್ಪೀಡ್ ಅಂದುಕೊಂಡವರು ಇದನ್ನು ಕೇಳಬೇಕು. 1977ರಲ್ಲಿ ಪಂಕ್ ಆಲ್ಬಂ ಒಂದನ್ನು ಇಷ್ಟು ನಿಧಾನವಾಗಿ ಶುರು ಮಾಡುವುದಕ್ಕೆ ಧೈರ್ಯ ಬೇಕಿತ್ತು.

ಇನ್ನೊಂದು ಹಾಡು, ‘106 ಬೀಟ್ಸ್ ದಟ್’. ಇದನ್ನು ಕಟ್ಟಿದ ರೀತಿ ಕೇಳಿ. ನ್ಯೂಮನ್ ರೈಲಿನಲ್ಲಿ ಹೋಗುತ್ತಾ ದಾರಿಯ ಸ್ಟೇಷನ್‌ಗಳ ಹೆಸರಿನ ಅಕ್ಷರಗಳಿಂದ ಗಿಟಾರ್ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಆರಿಸಿಕೊಂಡ. ಲೂಯಿಸ್ ಸರಿಯಾಗಿ ನೂರು ಉಚ್ಚಾರಾಕ್ಷರಗಳಲ್ಲಿ ಸಾಹಿತ್ಯ ಬರೆಯಲು ಹೊರಟ. ಅದು 106ಕ್ಕೆ ಬಂದು ನಿಂತಿತು. ಹೆಸರು ಬಂದದ್ದೇ ಹಾಗೆ. ಗಲಾಟೆ ಎಬ್ಬಿಸುವವರು ಹೀಗೆ ಕೂತು ಲೆಕ್ಕ ಹಾಕುತ್ತಾರಾ? ಇದು ಒಳ್ಳೆಯ ಹಾಡೋ ಅಲ್ಲವೋ ಅನ್ನುವುದು ಬೇರೆ ಮಾತು. ನನ್ನ ಪ್ರಕಾರ ಆಲ್ಬಂನ ಅತ್ಯುತ್ತಮ ಹಾಡುಗಳಲ್ಲಿ ಇದಕ್ಕೆ ಜಾಗವಿಲ್ಲ. ಆದರೆ ಆರ್ಟ್ ಪಂಕ್‌ನ ‘ಆರ್ಟ್’ ಎಲ್ಲಿದೆ ಅಂತ ಕೇಳಿದರೆ ನಾನು ತೋರಿಸುವುದು ಈ ಕ್ರಮವನ್ನು.

ಈಗ ನನ್ನ ಜಾಗಕ್ಕೆ ಬರುತ್ತೇನೆ. ಗೊಟೊಬೆಡ್ ಅವರ ಡ್ರಮ್ಸ್.

ನಮ್ಮ ಕಸುಬಿನಲ್ಲಿ ನಾಲ್ಕು ಬಾರ್ (ತಾಳದ ಸುತ್ತು) ಆದ ಮೇಲೆ ಒಂದು ಫಿಲ್ಲಿಂಗ್ (ಡ್ರಮ್ಸ್‌ನ ಚಿಕ್ಕ ಚಮತ್ಕಾರ) ಹಾಕುವುದು ಉಸಿರಾಟದಷ್ಟೇ ಸಹಜ. ಹಾಕದಿದ್ದರೆ ಕೀಬೋರ್ಡಿನವನು ತಿರುಗಿ ನೋಡುತ್ತಾನೆ. ಹಾಡಿನ ಒಂದು ಭಾಗ ಮುಗಿದು ಇನ್ನೊಂದು ಶುರುವಾಗುತ್ತಿದೆ ಅಂತ ಕೇಳುವವರಿಗೆ ಬೋರ್ಡ್ ಹಾಕಿ ತೋರಿಸುವ ಕೆಲಸ ಅದು. ಗೊಟೊಬೆಡ್ ಆ ಬೋರ್ಡ್ ಹಾಕುವುದು ತುಂಬಾ ಕಡಿಮೆ. ಹೈ-ಹ್ಯಾಟ್, ಸ್ನೇರ್, ಬಾಸ್ ಡ್ರಮ್ ಇಷ್ಟರಲ್ಲೇ ಎಷ್ಟೋ ಹಾಡುಗಳು ಮುಗಿದುಹೋಗುತ್ತವೆ. ಗಿಟಾರ್ ಬದಲಾಗುತ್ತದೆ, ದನಿ ಬದಲಾಗುತ್ತದೆ, ತಾಳ ಮಾತ್ರ ತನ್ನ ಪಾಡಿಗೆ ತಾನು ಹೋಗುತ್ತಿರುತ್ತದೆ. ಅದರಿಂದ ಒಂದು ವಿಚಿತ್ರ ಆಗುತ್ತದೆ. ಮುಂದಿನ ಭಾಗ ಬಂದದ್ದೇ ಗೊತ್ತಾಗುವುದಿಲ್ಲ. ಆಗಲೇ ಒಳಗೆ ಇರುತ್ತೀರಿ.

ನನ್ನ ಶಿಷ್ಯರಿಗೆ ಇದನ್ನು ಪ್ರಾಕ್ಟೀಸ್ ಪ್ಯಾಡ್ ಮೇಲೆ ಮಾಡಿಸುತ್ತೇನೆ. ಅದೇ ‘ಪಿಂಕ್ ಫ್ಲ್ಯಾಗ್’ನ ‘ಲೋಡೌನ್’ ಹಾಕಿ, ಇದರ ಜೊತೆ ಬಾರಿಸು, ಏನನ್ನೂ ಸೇರಿಸಬೇಡ ಅನ್ನುತ್ತೇನೆ. ಮೊದಲ ಅರ್ಧ ನಿಮಿಷ ಚೆನ್ನಾಗಿ ಹೋಗುತ್ತದೆ. ಆಮೇಲೆ ಬಲಗೈ ತಡೆಯುವುದಿಲ್ಲ. ಭುಜ ಸ್ವಲ್ಪ ಮೇಲೇಳುತ್ತದೆ, ಮೊಣಕೈ ಹೊರಗೆ ಸರಿಯುತ್ತದೆ, ಕಡ್ಡಿ ಗಾಳಿಯಲ್ಲಿ ಅರ್ಧ ಇಂಚು ಜಾಸ್ತಿ ಏರುತ್ತದೆ. ಟಾಮ್ ಡ್ರಮ್ ಇಲ್ಲದ ಕಡೆ ಟಾಮ್ ಹುಡುಕುವ ಕೈ ಅದು. ಅಷ್ಟರಲ್ಲಿ ಬೀಟ್ ಒಂದು ಕೂದಲೆಳೆಯಷ್ಟು ಮುಂದೆ ಓಡಿರುತ್ತದೆ. ಚುರುಕಿನ ಹುಡುಗರಿಗೇ ಇದು ಜಾಸ್ತಿ ಕಷ್ಟ. ‘ಸರ್, ಬೋರ್ ಆಗುತ್ತೆ’ ಅನ್ನುತ್ತಾರೆ. ಬೋರ್ ಆಗುವುದು ಕೈಗೆ ಕಣಪ್ಪ, ಕಿವಿಗಲ್ಲ ಅನ್ನುತ್ತೇನೆ. ನುಡಿಸಲು ಬಾರದವರು ಈ ರೀತಿ ನುಡಿಸಲಾರರು.

ಪ್ರಭಾವಗಳ ವಿಷಯಕ್ಕೆ ಬರೋಣ. ನಿಮ್ಮ ಲೇಖನ ವೈರ್ ಬ್ಯಾಂಡನ್ನು ಪಿಸ್ಟಲ್ಸ್ ಹಿಂದೆ ನಿಲ್ಲಿಸಿದ್ದು ನನಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚಿತು. ಪಿಸ್ಟಲ್ಸ್ ಸಂಗೀತದಲ್ಲಿ ಕೂತು ಕೇಳಿದರೆ ಸಿಗುವುದು ಹಳೆಯ ರಾಕ್ ಅಂಡ್ ರೋಲ್. ದಪ್ಪ ಗಿಟಾರ್, ಪದ್ಧತಿಯ ಪ್ರಕಾರ ಪಲ್ಲವಿ, ಚರಣ, ನಡುವೆ ಸೋಲೋ. ಕೋಪ ಹೊಸದು, ಕಟ್ಟಡ ಹಳೆಯದು. ವೈರ್ ಕೈ ಹಾಕಿದ್ದು ಕಟ್ಟಡಕ್ಕೇ.

ರಮೋನ್ಸ್ ಅವರಿಂದ ಇವರಿಗೆ ಸಿಕ್ಕದ್ದು ಹೆಚ್ಚು. ನ್ಯೂಯಾರ್ಕಿನ ಆ ನಾಲ್ವರು 1976ರಲ್ಲಿ ಮೊದಲ ಆಲ್ಬಂ ತಂದರು. ಅದೇ ವರ್ಷ ಜುಲೈ 4ರಂದು ಲಂಡನ್ನಿನ ರೌಂಡ್‌ಹೌಸ್‌ನಲ್ಲಿ ನುಡಿಸಿದರು. ಎರಡು ನಿಮಿಷಕ್ಕೆ ಹಾಡು ಮುಗಿಸಬಹುದು ಅಂತ ಇಂಗ್ಲೆಂಡಿನವರಿಗೆ ತೋರಿಸಿಕೊಟ್ಟವರು ಅವರು. ಆದರೆ ರಮೋನ್ಸ್ ಹಾಡಿನಲ್ಲಿ ಅರವತ್ತರ ದಶಕದ ಪಾಪ್ ಸಿಹಿ ಇದೆ, ಬಾಯಿಪಾಠ ಆಗುವ ಪಲ್ಲವಿ ಇದೆ. ವೈರ್ ಆ ವೇಗ, ಆ ಚಿಕ್ಕ ಅಳತೆ ಎರಡನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟರು. ಎಷ್ಟೋ ಸಲ ಪಲ್ಲವಿಯನ್ನೂ ಬಿಟ್ಟರು.

ಎರಡನೆಯದು ಅರವತ್ತರ ದಶಕದ ನ್ಯೂಯಾರ್ಕ್ ಬ್ಯಾಂಡ್ ವೆಲ್ವೆಟ್ ಅಂಡರ್‌ಗ್ರೌಂಡ್. ‘ಪಿಂಕ್ ಫ್ಲ್ಯಾಗ್’ ಅನ್ನುವ ಶೀರ್ಷಿಕೆ ಹಾಡು, ಆಮೇಲೆ ‘ಸ್ಟ್ರೇಂಜ್’, ಇವೆರಡನ್ನೂ ಒಂದಾದ ಮೇಲೊಂದು ಹಾಕಿ ನೋಡಿ. ಕೆಲವೇ ಕಾರ್ಡ್‌ಗಳನ್ನು ಹಿಡಿದು ಕೂತು, ಅದು ಗುಂಯ್‌ಗುಡುವ ತನಕ ಬಿಡುವುದಿಲ್ಲ. ಎರಡೂ ನಾಲ್ಕು ನಿಮಿಷದ ಹತ್ತಿರ ಹತ್ತಿರ ಹೋಗುತ್ತವೆ. ಈ ಆಲ್ಬಂನ ಲೆಕ್ಕದಲ್ಲಿ ಅದು ಮಹಾಕಾವ್ಯ! ‘ಸ್ಟ್ರೇಂಜ್’ನಲ್ಲಿ ಕೊಳಲಿನ ದನಿಯೂ ಇದೆ. ಪಂಕ್ ಆಲ್ಬಂನಲ್ಲಿ ಕೊಳಲು, ಅದೂ 1977ರಲ್ಲಿ.

ಮೂರನೆಯದು ಇಂಗ್ಲೆಂಡಿನ ಸಂಗೀತಗಾರ ಬ್ರಯಾನ್ ಈನೋ. ವಾಟ್‌ಫರ್ಡ್ ಕಾಲೇಜಿಗೆ ಪಾಠ ಮಾಡಲು ಈನೋ ಬಂದುಹೋಗುತ್ತಿದ್ದರು. ಅಲ್ಲಿ ಕಲಿಸುತ್ತಿದ್ದ ಚಿತ್ರಕಾರ ಪೀಟರ್ ಶ್ಮಿಟ್ ಜೊತೆ ಸೇರಿ 1975ರಲ್ಲಿ ‘ಅಬ್ಲೀಕ್ ಸ್ಟ್ರಾಟಜೀಸ್’ ಅನ್ನುವ, ಇಸ್ಪೀಟಿನಂಥ ಕಾರ್ಡುಗಳ ಕಟ್ಟು ತಂದರು. ಕೆಲಸ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಒಂದು ಕಾರ್ಡ್ ಎತ್ತಬೇಕು, ಅದರಲ್ಲಿ ಬರೆದ ಸೂಚನೆಯ ಹಾಗೆ ಮಾಡಬೇಕು. ಸ್ಟೇಷನ್ ಹೆಸರಿನಿಂದ ಗಿಟಾರ್ ಕಾರ್ಡ್ ಆರಿಸುವ ಬುದ್ಧಿ ಯಾವ ಗಾಳಿಯಿಂದ ಬಂತು ಅಂತ ಈಗ ಹೊಳೆಯಿತಲ್ವಾ? ಈನೋ ಹಿಂದೆ ಇದ್ದ ರಾಕ್ಸಿ ಮ್ಯೂಸಿಕ್ ಬ್ಯಾಂಡೂ ಇವರಿಗೆ ದೂರದ್ದೇನಲ್ಲ. 1979ರಲ್ಲಿ ರಾಕ್ಸಿ ಮ್ಯೂಸಿಕ್ ಯುರೋಪಿನ ಪ್ರವಾಸ ಹೋದಾಗ ಅವರಿಗಿಂತ ಮೊದಲು ಸ್ಟೇಜ್ ಹತ್ತಿದವರು ಇವರೇ.

ಇನ್ನು ಜರ್ಮನಿಯ ಬ್ಯಾಂಡಿನವರು. ನೋಯ್, ಕ್ಯಾನ್, ಕ್ರಾಫ್ಟ್‌ವರ್ಕ್. ನೋಯ್ ಬ್ಯಾಂಡಿನ ಡ್ರಮ್ಮರ್ ಕ್ಲೌಸ್ ಡಿಂಗರ್ ಬಾರಿಸಿದ ನೇರ ತಾಳವನ್ನು ಕೇಳಿದವರಿಗೆ ಗೊಟೊಬೆಡ್ ಯಾವ ಮನೆತನದವರು ಅಂತ ಹೇಳಿಕೊಡಬೇಕಿಲ್ಲ. ಸಿಡ್ ಬ್ಯಾರೆಟ್ ಹಾಡುತ್ತಿದ್ದ ಶುರುವಿನ ಕಾಲದ ಪಿಂಕ್ ಫ್ಲಾಯ್ಡ್ ಜೊತೆ ಹೋಲಿಸಿದವರೂ ಇದ್ದಾರೆ. ಬ್ಯಾರೆಟ್ ಹೋದ ಮೇಲೆ ಪಿಂಕ್ ಫ್ಲಾಯ್ಡ್ ರೆಕಾರ್ಡುಗಳು ಬಂದದ್ದು, ಮುಂದೆ ವೈರ್ ರೆಕಾರ್ಡುಗಳು ಬಂದದ್ದು ಹಾರ್ವೆಸ್ಟ್ ಲೇಬಲ್‌ನಲ್ಲೇ. ಪಂಕ್ ಹುಡುಗರು ಬಾಯಿತುಂಬಾ ಬಯ್ಯುತ್ತಿದ್ದ ಲೇಬಲ್ ಮನೆ ಅದು. ಅಲ್ಲಿಗೇ ಹೋಗಿ ಕೂತರು!

ಇಷ್ಟನ್ನೆಲ್ಲ ಹೇಳಿದರೂ ವೈರ್ ಇವರಲ್ಲಿ ಯಾರ ಹಾಗೂ ಕೇಳಿಸುವುದಿಲ್ಲ. ನಮ್ಮ ಲೇಖನಗಳಲ್ಲಿ ಪ್ರಭಾವ ಅಂದಕೂಡಲೇ ‘ಇದು ಅದರ ಹಾಗಿದೆ’ ಅಂತ ಬರೆದು ಮುಗಿಸುತ್ತೇವೆ. ಇವರು ದನಿಯನ್ನು ಎತ್ತಿಕೊಂಡದ್ದು ಕಮ್ಮಿ. ಕೆಲಸ ಮಾಡುವ ರೀತಿಯನ್ನು ಎತ್ತಿಕೊಂಡರು.

ನಿಮ್ಮ ಲೇಖನದ ಜೊತೆಗಿದ್ದ ಬಾಕ್ಸ್‌ನಲ್ಲಿ, ಕೇಳಲೇಬೇಕಾದ ಆಲ್ಬಂಗಳು ಅಂತ ಪಟ್ಟಿ ಇತ್ತು. ಅದರಲ್ಲಿ ‘ಪಿಂಕ್ ಫ್ಲ್ಯಾಗ್’ ಇದೆ, ಸಂತೋಷ. ಆದರೆ ವೈರ್ ಅಲ್ಲಿಗೆ ಮುಗಿಯಲಿಲ್ಲ. ಒಂದು ವರ್ಷ ಕಳೆಯುವುದರೊಳಗೆ, 1978ರಲ್ಲಿ, ‘ಚೇರ್ಸ್ ಮಿಸ್ಸಿಂಗ್’ ಬಂತು. ಅದೇ ನಾಲ್ಕು ಜನ, ಅದೇ ನಿರ್ಮಾಪಕ ಮೈಕ್ ಥಾರ್ನ್. ಆದರೆ ಗಿಟಾರ್ ಗಿಟಾರಿನ ಹಾಗೆ ಕೇಳಿಸುವುದೇ ಇಲ್ಲ. ಪೆಡಲ್‌ಗಳ ಮೂಲಕ ಹಾದು ಬಂದು ತಗಡಿನ ಹಾಗೆ, ಗಾಜಿನ ಹಾಗೆ, ನೊಣದ ಹಾಗೆ ಕೇಳಿಸುತ್ತದೆ. ನೊಣ ಅಂದದ್ದು ಸುಮ್ನೆ ಅಲ್ಲ, ‘ಐ ಆಮ್ ದ ಫ್ಲೈ’ ಅಂತಲೇ ಒಂದು ಹಾಡಿದೆ. ಥಾರ್ನ್ ಸ್ವತಃ ಕೀಬೋರ್ಡ್, ಸಿಂಥಸೈಸರ್ ನುಡಿಸಿದರು. ಅವರನ್ನು ಐದನೇ ಸದಸ್ಯ ಅಂದರೂ ನಡೆಯುತ್ತದೆ.

ಈ ಆಲ್ಬಂನ ‘ಹಾರ್ಟ್‌ಬೀಟ್’ ನನಗೆ ಎಲ್ಲಕ್ಕಿಂತ ಇಷ್ಟ. ಹಾಡು ಹೆಚ್ಚುಕಡಿಮೆ ಒಂದೇ ಮಿಡಿತದ ಮೇಲೆ ನಿಂತಿದೆ. ನ್ಯೂಮನ್ ಪಿಸುಮಾತಿನಲ್ಲಿ ಶುರು ಮಾಡುತ್ತಾನೆ. ತಾಳ ಗಟ್ಟಿಯಾಗುತ್ತಾ ಹೋಗುತ್ತದೆ, ದನಿಯೂ ಏರುತ್ತದೆ. ಈಗ ಸಿಡಿಯುತ್ತದೆ, ಈಗ ಸಿಡಿಯುತ್ತದೆ ಅಂತ ಕಾಯುತ್ತೀರಿ. ಸಿಡಿಯುವುದೇ ಇಲ್ಲ. ಆ ಜಾಗದಲ್ಲಿ ನಾನಾಗಿದ್ದರೆ ಕ್ರ್ಯಾಶ್ ಸಿಂಬಲ್ ಎತ್ತಿ ಒಗೆಯುತ್ತಿದ್ದೆ. ನಮ್ಮಂಥವರು ಜನರಿಗೆ ಬೇಕಾದದ್ದನ್ನು ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ಗೊಟೊಬೆಡ್ ಕೊಡದೆ ಉಳಿಸಿದ್ದರಿಂದ ಆ ಹಾಡು ಮುಗಿದ ಮೇಲೂ ಎದೆಯೊಳಗೆ ನಡೆಯುತ್ತಲೇ ಇರುತ್ತದೆ. 1987ರಲ್ಲಿ ಬಿಗ್ ಬ್ಲ್ಯಾಕ್ ಅನ್ನುವ ಅಮೆರಿಕದ ಬ್ಯಾಂಡ್ ಇದನ್ನು ಮತ್ತೆ ಹಾಡಿತು. ಅವರ ಡ್ರಮ್ಮರ್ ಮನುಷ್ಯನಲ್ಲ, ಮೆಷಿನ್. ಅಲ್ಲಿಗೂ ಈ ತಾಳ ಹೊಂದಿಕೊಂಡಿತು ನೋಡಿ.

ಅದೇ ಆಲ್ಬಂನಲ್ಲಿ ‘ಔಟ್‌ಡೋರ್ ಮೈನರ್’ ಇದೆ. ಎಲೆಯ ಒಳಗೇ ಸುರಂಗ ಕೊರೆದು ಬದುಕುವ ಒಂದು ಹುಳುವಿನ ಬಗ್ಗೆ ಹಾಡು. ಕೃಷಿ ಇಲಾಖೆಯವರು ಎಲೆ ಸುರಂಗ ಕೀಟ ಅನ್ನುತ್ತಾರಲ್ಲ, ಅದೇ. ಲೂಯಿಸ್ ಬರೆದ ಸಾಹಿತ್ಯ, ನ್ಯೂಮನ್ ಕಟ್ಟಿದ ರಾಗ. ರಾಗ ಎಷ್ಟು ಮಧುರ ಅಂದರೆ ಹುಳುವಿನ ಹಾಡು ಅಂತ ಯಾರೂ ನಂಬುವುದಿಲ್ಲ. ಆಲ್ಬಂನಲ್ಲಿ ಎರಡು ನಿಮಿಷವೂ ಇಲ್ಲ. ಕಂಪನಿಯವರಿಗೆ ಇದರಲ್ಲಿ ಹಿಟ್ ಕಾಣಿಸಿತು. ಸಿಂಗಲ್ (ಒಂದೇ ಹಾಡಿಗಾಗಿ ಬಿಡುವ ರೆಕಾರ್ಡ್) ಮಾಡಲು ಉದ್ದ ಬೇಕು ಅಂತ ಥಾರ್ನ್ ನಡುವೆ ಪಿಯಾನೋ ಸೇರಿಸಿದರು. 1979ರ ಶುರುವಿನಲ್ಲಿ ಬ್ರಿಟನ್ನಿನ ಚಾರ್ಟಿನಲ್ಲಿ 51ನೇ ಜಾಗಕ್ಕೆ ಏರಿತು, ಅಲ್ಲೇ ನಿಂತಿತು. ಆ ಪಿಯಾನೋ ಚೆನ್ನಾಗಿಯೇ ಇದೆ. ಆದರೂ ನನ್ನ ಓಟು ಚಿಕ್ಕದಕ್ಕೆ.

ಮೂರನೆಯ ಆಲ್ಬಂ ‘154’, 1979ರದ್ದು. ಅಲ್ಲಿಯವರೆಗೆ ಎಷ್ಟು ಶೋ ಕೊಟ್ಟಿದ್ದರೋ ಆ ಲೆಕ್ಕವನ್ನೇ ಹೆಸರಾಗಿ ಇಟ್ಟರು. ಇದನ್ನು ಅವರ ಶಿಖರ ಅನ್ನುವವರಿದ್ದಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ‘ಎ ಟಚಿಂಗ್ ಡಿಸ್‌ಪ್ಲೇ’ ಅನ್ನುವ ಹಾಡು, ಅದರಲ್ಲಿ ಟಿಮ್ ಸೌಸ್ಟರ್ ಅವರ ಎಲೆಕ್ಟ್ರಿಕ್ ವಯೋಲಾ ಇದೆ, ಏಳು ನಿಮಿಷದ ಹತ್ತಿರ ಎಳೆಯುತ್ತದೆ. ಪದ ಮುಗಿದಲ್ಲಿ ನಿಲ್ಲಿಸುತ್ತೇವೆ ಅಂದವರು ಇವರೇನಾ ಅನಿಸುತ್ತದೆ. ಒಳಗೆ ಎರಡು ಪಾರ್ಟಿ ಆಗಿದ್ದದ್ದೂ ಕೇಳಿಸುತ್ತದೆ. ನ್ಯೂಮನ್‌ಗೆ ರಾಗದ ಕಡೆ ಒಲವು, ಗಿಲ್ಬರ್ಟ್ ಮತ್ತು ಲೂಯಿಸ್‌ಗೆ ಸದ್ದಿನ ಕಡೆ. ಆದರೆ ‘ಮ್ಯಾಪ್ ರೆಫ್’ ಅನ್ನುವ ಒಂದು ಹಾಡಿಗಾಗಿ ಈ ಆಲ್ಬಂ ಇಟ್ಟುಕೊಳ್ಳಬಹುದು. ಅದರ ಹೆಸರಿನಲ್ಲಿ 41 ಡಿಗ್ರಿ ಉತ್ತರ, 93 ಡಿಗ್ರಿ ಪಶ್ಚಿಮ ಅಂತ ಇದೆ. ಭೂಪಟದಲ್ಲಿ ಹುಡುಕಿದರೆ ಅಮೆರಿಕದ ಅಯೋವಾ ರಾಜ್ಯದ ಬಯಲು ಸಿಗುತ್ತದೆ. ವಿಮಾನದ ಕಿಟಕಿಯಿಂದ ಕಾಣುವ ಚಪ್ಪಟೆ ನೆಲದ ಮೇಲಿನ ಗೆರೆಗಳ ಹಾಡು. ಪಲ್ಲವಿ ಬರುವ ಮೊದಲು ನ್ಯೂಮನ್ ‘ಕೋರಸ್’ ಅಂತ ಬಾಯಿಬಿಟ್ಟು ಘೋಷಿಸುತ್ತಾನೆ! ಪಲ್ಲವಿಯೇ ಬೇಡ ಅನ್ನುತ್ತಿದ್ದವರು ಅದನ್ನು ತಂದಾಗ ಹೀಗೆ ಕೀಟಲೆ ಮಾಡಿಯೇ ತಂದರು. ಆ ಪಲ್ಲವಿ ಎಷ್ಟು ಚೆನ್ನಾಗಿದೆ ಅಂದರೆ ಕೀಟಲೆಯನ್ನು ಕ್ಷಮಿಸಬೇಕು.

ಆಮೇಲಿನದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. 1980ರ ಫೆಬ್ರವರಿ 29ರಂದು ಲಂಡನ್ನಿನ ಎಲೆಕ್ಟ್ರಿಕ್ ಬಾಲ್‌ರೂಮ್‌ನಲ್ಲಿ ಒಂದು ಶೋ ಆಯಿತು. ಹೆಚ್ಚಿನದೆಲ್ಲ ಯಾರೂ ಕೇಳದ ಹೊಸ ಹಾಡುಗಳು. ತಲೆಗೆ ನ್ಯೂಸ್‌ಪೇಪರ್ ಕಿರೀಟ ಹಾಕಿಕೊಂಡ ತಾಳವಾದ್ಯದವರು, ಸ್ಟೇಜ್ ಮೇಲೆ ಏಟು ತಿನ್ನುವ ಗ್ಯಾಸ್ ಒಲೆ. ಜನ ‘ಪಿಂಕ್ ಫ್ಲ್ಯಾಗ್’ನ ‘12 ಎಕ್ಸ್ ಯು’ ಹಾಡಿ ಅಂತ ಕೂಗಿದರು, ಹೀಯಾಳಿಸಿದರು. ಅದೆಲ್ಲ ರೆಕಾರ್ಡ್ ಆಗಿ 1981ರಲ್ಲಿ ಹೊರಬಂತು. ಕೇಳಲು ಸುಖವಿಲ್ಲ, ಒಂದು ಸಲ ಸಾಕು. ಅಷ್ಟು ಹೊತ್ತಿಗೆ ಬ್ಯಾಂಡ್ ನಿಂತುಹೋಗಿತ್ತು.

1985ರಲ್ಲಿ ಮತ್ತೆ ಸೇರಿದರು. ಹಳೆಯ ಹಾಡು ನುಡಿಸುವುದಿಲ್ಲ ಅಂದರು. 1987ರಲ್ಲಿ ಅಮೆರಿಕಕ್ಕೆ ಹೋಗುವಾಗ ಜನ ಹಳೆಯದನ್ನೇ ಕೇಳುತ್ತಾರೆ ಅಂತ ಗೊತ್ತಿತ್ತು. ಏನು ಮಾಡಿದರು ಗೊತ್ತಾ? ತಮ್ಮ ಹಾಡುಗಳನ್ನೇ ನುಡಿಸುತ್ತಿದ್ದ ‘ಎಕ್ಸ್ ಲಯನ್ ಟೇಮರ್ಸ್’ ಅನ್ನುವ ಬ್ಯಾಂಡನ್ನು ಜೊತೆಗೆ ಕರೆದುಕೊಂಡು ಹೋದರು. ಅವರು ಮೊದಲು ಸ್ಟೇಜ್ ಹತ್ತಿ ‘ಪಿಂಕ್ ಫ್ಲ್ಯಾಗ್’ ಪೂರ್ತಿ ನುಡಿಸುವುದು, ಆಮೇಲೆ ಇವರು ಬಂದು ಹೊಸದು ನುಡಿಸುವುದು! ನಮ್ಮ ಆರ್ಕೆಸ್ಟ್ರಾದವರಿಗೆ ಈ ಕಥೆ ಹೇಳಿದರೆ ಬಿದ್ದುಬಿದ್ದು ನಗುತ್ತಾರೆ. ನಮ್ಮ ಜೀವನವೆಲ್ಲ ಬೇರೆಯವರ ಹಾಡು ನುಡಿಸುವುದರಲ್ಲೇ ಹೋಯಿತಲ್ಲ.

ಎಂಬತ್ತರ ದಶಕದ ಕೊನೆಗೆ ಅವರ ಹಾಡುಗಳಲ್ಲಿ ಡ್ರಮ್ ಮೆಷಿನ್ ಜಾಸ್ತಿಯಾಯಿತು. ತನಗೆ ಕೆಲಸ ಇಲ್ಲ ಅನಿಸಿ 1990ರಲ್ಲಿ ಗೊಟೊಬೆಡ್ ಹೊರಟರು, ಬೇಸಾಯ ಮಾಡಿದರು. ಒಬ್ಬ ಕಮ್ಮಿಯಾದ ಅಂತ ಉಳಿದ ಮೂವರು ಬ್ಯಾಂಡಿನ ಇಂಗ್ಲಿಷ್ ಹೆಸರಿನ ಕೊನೆಯ ಅಕ್ಷರವನ್ನೂ ತೆಗೆದುಹಾಕಿದರು (Wire ಹೋಗಿ Wir). ಮುಂದೆ ಗೊಟೊಬೆಡ್ ವಾಪಸ್ ಬಂದರು, ಅಕ್ಷರವೂ ಬಂತು. 2003ರ ‘ಸೆಂಡ್’ ಕೇಳಿ. ಐವತ್ತು ದಾಟಿದ ಡ್ರಮ್ಮರ್ ಯಾವ ಮೆಷಿನ್‌ಗೂ ಕಮ್ಮಿಯಿಲ್ಲ. ಗಿಲ್ಬರ್ಟ್ ಮಾತ್ರ 2004ರಲ್ಲಿ ಬಿಟ್ಟರು.

ಇವರಿಂದ ಪಡೆದವರ ವಿಷಯವೂ ನಿಮ್ಮ ಲೇಖನದಲ್ಲಿ ಇಲ್ಲ. ವಾಷಿಂಗ್ಟನ್ನಿನ ಮೈನರ್ ಥ್ರೆಟ್ ‘12 ಎಕ್ಸ್ ಯು’ ಹಾಡಿದರು. 1987ರಲ್ಲಿ ಅಮೆರಿಕದ್ದೇ ಬ್ಯಾಂಡ್ ಆರ್.ಇ.ಎಮ್. ‘ಸ್ಟ್ರೇಂಜ್’ ಹಾಡಿದರು. ಕ್ಯಾಲಿಫೋರ್ನಿಯಾದ ಮಿನಟ್‌ಮೆನ್ ಚಿಕ್ಕಚಿಕ್ಕ ಹಾಡು ಕಟ್ಟಲು ‘ಪಿಂಕ್ ಫ್ಲ್ಯಾಗ್’ ದಾರಿ ತೋರಿಸಿತು ಅಂತ ಅವರ ಬಾಸಿಸ್ಟ್ ಮೈಕ್ ವಾಟ್ ಹೇಳುತ್ತಲೇ ಬಂದಿದ್ದಾರೆ. ಈ ಮೂರೂ ಬ್ಯಾಂಡುಗಳು ಒಂದಕ್ಕೊಂದು ಹೋಲುವುದಿಲ್ಲ. ಇನ್ನು ಲಂಡನ್ನಿನ ಬ್ಯಾಂಡ್ ಎಲಾಸ್ಟಿಕಾ. 1994ರಲ್ಲಿ ಅವರ ‘ಕನೆಕ್ಷನ್’ ದೊಡ್ಡ ಹಿಟ್. ಅದರ ಶುರುವಿನ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ‘ಪಿಂಕ್ ಫ್ಲ್ಯಾಗ್’ನ ‘ತ್ರೀ ಗರ್ಲ್ ರುಂಬಾ’ದ್ದೇ ಅಂತ ತಕರಾರಾಗಿ ಕೋರ್ಟ್ ಹೊರಗೆ ರಾಜಿಯಾಯಿತು. ಎರಡನ್ನೂ ಕೇಳಿದರೆ ಮಗುವಿಗೂ ಗೊತ್ತಾಗುತ್ತದೆ. ಆದರೂ ‘ಕನೆಕ್ಷನ್’ ನನಗೆ ಇಷ್ಟವೇ. ಅವರು ಆ ರಿಫ್ ಇಟ್ಟುಕೊಂಡು ಜನ ಕುಣಿಯುವ ಪಾಪ್ ಹಾಡು ಮಾಡಿದರು. ವೈರ್ ಅದನ್ನು ಒಂದೂವರೆ ನಿಮಿಷದೊಳಗೆ ಬಳಸಿ ಎಸೆದಿದ್ದರು. ಅಂಥ ರಿಫ್ ನಮ್ಮಲ್ಲಿ ಯಾರಿಗಾದರೂ ಸಿಕ್ಕಿದ್ದರೆ ಆರು ನಿಮಿಷ ಎಳೆಯುತ್ತಿದ್ದೆವು.

ಹಾಗಾಗಿ ನನ್ನ ಕೋರಿಕೆ ಎರಡು. ಆ ಬಾಕ್ಸ್ ಮತ್ತೆ ಎಲ್ಲಾದರೂ ಅಚ್ಚಾಗುವುದಾದರೆ ‘ಚೇರ್ಸ್ ಮಿಸ್ಸಿಂಗ್’ ಸೇರಿಸಿ. ಜಾಗ ಇಲ್ಲ ಅಂದರೆ ‘ಪಿಂಕ್ ಫ್ಲ್ಯಾಗ್’ ತೆಗೆದಾದರೂ ಹಾಕಿ, ನಾನು ಜಗಳಕ್ಕೆ ಬರುವುದಿಲ್ಲ. ಎರಡನೆಯದು, ಆರ್ಟ್ ಪಂಕ್ ಬಗ್ಗೆ ಇನ್ನೊಂದು ಲೇಖನ ಮಾಡಿಸಿ. ರೋಡ್ ಐಲೆಂಡ್‌ನ ಡಿಸೈನ್ ಸ್ಕೂಲಿನಿಂದ ಬಂದ ಟಾಕಿಂಗ್ ಹೆಡ್ಸ್, ಲೀಡ್ಸ್ ಊರಿನ ಗ್ಯಾಂಗ್ ಆಫ್ ಫೋರ್, ಕ್ಲೀವ್‌ಲ್ಯಾಂಡಿನ ಪೇರ್ ಉಬು, ಇವರೆಲ್ಲ ಹೊರಗೇ ಉಳಿದಿದ್ದಾರೆ. ಬರೆಯುವವರು ದಯವಿಟ್ಟು ಡ್ರಮ್ಸ್ ಬಗ್ಗೆಯೂ ನಾಲ್ಕು ಸಾಲು ಬರೆಯಲಿ. ಗಾಯಕನ ಕೂದಲು, ಪಿನ್ನು ಚುಚ್ಚಿದ ಅಂಗಿ ಇವುಗಳ ಬಗ್ಗೆ ಸಾಕಷ್ಟು ಓದಿದ್ದಾಯಿತು.

ಪತ್ರ ಉದ್ದವಾಯಿತು ಅಂತ ಗೊತ್ತು. ಕತ್ತರಿ ನಿಮ್ಮ ಕೈಯಲ್ಲಿದೆ. ಆರ್ಕೆಸ್ಟ್ರಾ ಬಗ್ಗೆ ಬರೆದದ್ದನ್ನೆಲ್ಲ ಬೇಕಾದರೆ ತೆಗೆಯಿರಿ, ‘ಹಾರ್ಟ್‌ಬೀಟ್’ ಬಗ್ಗೆ ಬರೆದದ್ದನ್ನು ಮಾತ್ರ ಮುಟ್ಟಬೇಡಿ.

ಇಂತಿ ನಿಮ್ಮ ಓದುಗ,
ಒಬ್ಬ ಡ್ರಮ್ಮರ್